ಕಲೆಯನ್ನೇ ಕಾಯಕವಾಗಿಸಿಕೊಂಡ ಗುಬ್ಬಿ ವೀರಣ್ಣನವರು

ಕಾಯಕ ಮಾಡಬೇಕೆಂದು ಹೇಳುವುದು ಸುಲಭ. ಅದನ್ನು ಕಲಿಸುವ ಜಾಗವೊಂದು ಬೇಕು, ಕಲಿಯುವಷ್ಟು ದಿನ ಹೊಟ್ಟೆಗೆ ಅನ್ನ ಬೇಕು, ಕಲಿತ ಮೇಲೆ ದುಡಿಯಲು ಅವಕಾಶ ಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಬಡವರ ಮಕ್ಕಳು ಕೂಲಿಯ ದಾರಿ ಹಿಡಿಯುತ್ತಾರೆ. ಮೂರನ್ನೂ ಒಂದೇ ಸೂರಿನ ಕೆಳಗೆ ಒದಗಿಸಿಕೊಟ್ಟ ಪುಣ್ಯಾತ್ಮರು ನಾಟಕರತ್ನ ಗುಬ್ಬಿ ವೀರಣ್ಣನವರು. ಅವರು ಶಾಲೆ ಕಟ್ಟಿದವರಲ್ಲ, ನಾಟಕದ ಕಂಪನಿ ನಡೆಸಿದವರು. ಆದರೂ ಅವರ ಕಂಪನಿಯಲ್ಲಿ ಕೆಲಸ ಕಲಿತು ಬಾಳು ಕಟ್ಟಿಕೊಂಡವರು ಅನೇಕರು. ನಮ್ಮ ತಾಳವಾಡಿ ಸೀಮೆಯ ಗಾಜನೂರಿನ ಹುಡುಗನೂ ಅವರಲ್ಲೊಬ್ಬ. ಆದ್ದರಿಂದ ವೀರಣ್ಣನವರ ಜೀವನಚರಿತ್ರೆಯನ್ನು ಗಡಿನಾಡಿನ ಭಕ್ತರು ತಿಳಿದಿರುವುದು ಒಳ್ಳೆಯದು.

ಬಾಲ್ಯ ಮತ್ತು ಕಂಪನಿಯ ನಂಟು

ವೀರಣ್ಣನವರು ಜನಿಸಿದ್ದು 1891ರಲ್ಲಿ, ತುಮಕೂರು ಜಿಲ್ಲೆಯಲ್ಲಿ. ತಂದೆ ಹಂಪಣ್ಣನವರು. ವೀರಣ್ಣನವರು ಹುಟ್ಟುವುದಕ್ಕೆ ಮೊದಲೇ, 1884ರಲ್ಲಿ, ಗುಬ್ಬಿಯಲ್ಲಿ ಚಂದಣ್ಣನವರು ಮತ್ತು ಅಬ್ದುಲ್ ಅಜೀಜ್ ಸಾಹೇಬರು ಸೇರಿ ಒಂದು ನಾಟಕ ಸಂಘವನ್ನು ಆರಂಭಿಸಿದ್ದರು. ಊರಿನ ಆರಾಧ್ಯದೈವ ಚನ್ನಬಸವೇಶ್ವರಸ್ವಾಮಿಯ ಹೆಸರನ್ನೇ ಅದಕ್ಕೆ ಇಟ್ಟರು. ಒಬ್ಬ ಲಿಂಗವಂತ ಹಾಗೂ ಒಬ್ಬ ಮುಸಲ್ಮಾನ ಕೂಡಿ ಕಟ್ಟಿದ ಸಂಘವು ಮುಂದೆ ಕನ್ನಡ ನಾಡಿನ ಅತಿ ದೊಡ್ಡ ನಾಟಕ ಮಂಡಳಿಯಾಗಿ ಬೆಳೆಯಿತೆಂಬುದು ನೆನೆಯತಕ್ಕ ಸಂಗತಿ.

ಅಕ್ಷರ ಕಲಿಯುವ ವಯಸ್ಸಿನಲ್ಲೇ ವೀರಣ್ಣನವರು ಈ ಕಂಪನಿಗೆ ಬಾಲನಟರಾಗಿ ಸೇರಿದರು. ಅವರಿಗೆ ಕಂಪನಿಯೇ ಶಾಲೆ, ಹಿರಿಯ ನಟರೇ ಗುರುಗಳು. ಮಕ್ಕಳ ಪಾತ್ರದಿಂದ ತೊಡಗಿ ಹಾಸ್ಯ ಪಾತ್ರಗಳಿಗೆ ಬಂದರು. ಸದಾರಮೆ ನಾಟಕದ ಕಳ್ಳನ ಪಾತ್ರ ಅವರಿಗೆ ನಾಡೆಲ್ಲ ಹೆಸರು ತಂದಿತು. ಆ ಕಳ್ಳನನ್ನು ನೋಡಲೆಂದೇ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ನಟನಾಗಿ ಪಳಗಿದ ಮೇಲೆ ಕಂಪನಿಯ ಒಡೆತನದ ಹೊಣೆಯೂ ಅವರ ಹೆಗಲಿಗೆ ಬಂತು. ಕೆಳಗಿನ ಮೆಟ್ಟಿಲಿನಿಂದ ಹತ್ತಿ ಬಂದವರಾದುದರಿಂದ ಕಂಪನಿಯ ಒಂದೊಂದು ಕೆಲಸದ ಕಷ್ಟವೂ ಅವರಿಗೆ ಗೊತ್ತಿತ್ತು.

ಕಂಪನಿಯೆಂಬ ಕಾಯಕ ಶಾಲೆ

ಇಂದಿನ ಯುವಕರಿಗೆ ಕಂಪನಿ ನಾಟಕವೆಂದರೆ ರಂಗದ ಮೇಲೆ ಬಣ್ಣ ಹಚ್ಚಿದ ನಾಲ್ಕು ಜನ ಎಂದಷ್ಟೇ ತೋರಬಹುದು. ನಿಜವಾಗಿ ಅದೊಂದು ಸಂಚಾರಿ ಊರು. ಮುಂದೆ ಹತ್ತು ಜನ ನಟರು ಕಾಣಿಸಿಕೊಂಡರೆ ಹಿಂದೆ ಅದಕ್ಕಿಂತ ಹೆಚ್ಚು ಕೈಗಳು ದುಡಿಯುತ್ತಿರುತ್ತವೆ. ಅರಮನೆ, ಕಾಡು, ಬೀದಿಗಳ ಪರದೆ ಬರೆಯುವ ಚಿತ್ರಗಾರರು, ರಂಗಮಂಚ ಕಟ್ಟುವ ಬಡಗಿಗಳು, ಉಡುಪು ಹೊಲಿಯುವ ದರ್ಜಿಗಳು, ಕಿರೀಟ ಭುಜಕೀರ್ತಿ ಮಾಡುವವರು, ದೀಪದವರು, ಹಾರ್ಮೋನಿಯಂ ತಬಲದವರು, ಟಿಕೆಟ್ಟಿನ ಲೆಕ್ಕ ಬರೆಯುವ ಗುಮಾಸ್ತರು, ಅಡುಗೆಯವರು, ಕ್ಯಾಂಪ್ ಬದಲಾದಾಗ ಸಾಮಾನು ಸಾಗಿಸುವವರು ಹೀಗೆ ಪಟ್ಟಿ ಬೆಳೆಯುತ್ತದೆ. ರಂಗದ ಮೇಲೆ ನಿಲ್ಲಲು ಕಂಠವಿಲ್ಲದ ಹುಡುಗನಿಗೂ ಅಲ್ಲಿ ಒಂದಲ್ಲ ಒಂದು ಕಸುಬು ಸಿಗುತ್ತಿತ್ತು.

ಕಲಿಕೆಯ ಕ್ರಮವೂ ಗಮನಿಸತಕ್ಕದ್ದು. ಹೊಸ ಹುಡುಗನಿಗೆ ಬಂದೊಡನೆ ದೊಡ್ಡ ಪಾತ್ರವಿಲ್ಲ. ಕಂಪನಿಯ ಮನೆಯಲ್ಲಿ ಊಟ, ವಸತಿ. ಬೆಳಗ್ಗೆ ಹಾಡಿನ ಅಭ್ಯಾಸ, ಮಾತು ಒಪ್ಪಿಸುವ ಪಾಠ. ರಾತ್ರಿ ಹಿರಿಯರ ಅಭಿನಯ ನೋಡುತ್ತ ಪಕ್ಕದಲ್ಲಿ ನಿಲ್ಲುವುದು. ಸಣ್ಣ ಪಾತ್ರದಲ್ಲಿ ಪಳಗಿದ ಮೇಲೆ ಅದಕ್ಕಿಂತ ದೊಡ್ಡದು, ಅದರೊಡನೆ ಸಂಬಳವೂ. ಶುದ್ಧ ಉಚ್ಚಾರಣೆ, ತಾಳಜ್ಞಾನ, ಪುರಾಣದ ತಿಳಿವಳಿಕೆ, ಸಮಯಪಾಲನೆ ಇವೆಲ್ಲ ಪುಸ್ತಕವಿಲ್ಲದೆಯೇ ಮೈಗೂಡುತ್ತಿದ್ದವು. ಕಂಪನಿ ಕನ್ನಡ ಸೀಮೆಯನ್ನು ದಾಟಿ ತೆಲುಗು, ತಮಿಳು ನಾಡುಗಳಲ್ಲೂ ಸಂಚರಿಸುತ್ತಿದ್ದುದರಿಂದ ಹುಡುಗರಿಗೆ ಅನ್ಯಭಾಷೆಗಳ ಪರಿಚಯವೂ ಆಗುತ್ತಿತ್ತು.

ವೀರಣ್ಣನವರು ಕಸುಬಿನಲ್ಲಿ ಹೊಸತನ್ನು ತರಲು ಹಿಂಜರಿದವರಲ್ಲ. ರಂಗಕ್ಕೆ ವಿದ್ಯುದ್ದೀಪಗಳ ಅಲಂಕಾರ ತಂದರು. ಗಂಡಸರೇ ಹೆಣ್ಣು ವೇಷ ಹಾಕುವ ರೂಢಿಯಿದ್ದ ಕಾಲದಲ್ಲಿ ಸ್ತ್ರೀಯರಿಗೆ ರಂಗದ ಮೇಲೆ ಗೌರವದ ಸ್ಥಾನ ಕೊಟ್ಟರು. ಅವರ ಪತ್ನಿ ಬಿ. ಜಯಮ್ಮನವರು ಖ್ಯಾತ ನಟಿಯಾಗಿ ಬೆಳಗಿದರು. 1930ರ ದಶಕದಲ್ಲಿ ಆಡಿದ ಕುರುಕ್ಷೇತ್ರ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಜನರನ್ನು ಬೆರಗುಗೊಳಿಸಿದರು. ಇಂಥ ಸಾಹಸಕ್ಕೆ ಬಂಡವಾಳ ಬೇಕು. ಮಳೆ ಬಂದು ಕ್ಯಾಂಪ್ ನಿಂತರೂ ಕಂಪನಿಯ ಒಲೆ ಉರಿಯಲೇಬೇಕು. ವ್ಯಾಪಾರ ಬಲ್ಲ ನಮ್ಮ ವರ್ತಕ ಬಂಧುಗಳಿಗೆ ಇದರ ಭಾರ ಎಷ್ಟೆಂದು ಹೇಳಬೇಕಾಗಿಲ್ಲ.

ಗಾಜನೂರಿನ ಮುತ್ತುರಾಜ

ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ಹೆಸರಾಂತ ನಟರು. ಅವರ ಮಗ ಮುತ್ತುರಾಜ ಹುಟ್ಟಿದ್ದು 1929ರ ಏಪ್ರಿಲ್ 24ರಂದು ಗಾಜನೂರಿನಲ್ಲಿ. ಆಗ ಕೊಳ್ಳೇಗಾಲ, ತಾಳವಾಡಿ ಎರಡೂ ಮದ್ರಾಸ್ ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಅತ್ತಲೇ ಉಳಿಯಿತು. ಗೆರೆ ಬದಲಾದರೂ ಮನೆಮಾತು ಬದಲಾಗಲಿಲ್ಲ.

ಮುತ್ತುರಾಜ ಎಳೆಯ ವಯಸ್ಸಿನಲ್ಲೇ ಶಾಲೆ ಬಿಟ್ಟ ಹುಡುಗ. ಬಡತನದ ಮನೆ. ತಂದೆಯ ಜೊತೆ ಕಂಪನಿ ಸೇರಿ ಚಿಕ್ಕ ಪುಟ್ಟ ಪಾತ್ರ ಮಾಡುತ್ತ ಕಲಿತ. ಮುಂದೆ ಸುಬ್ಬಯ್ಯ ನಾಯ್ಡು ಅವರ ಮಂಡಳಿಯಲ್ಲೂ ದುಡಿದ. 1954ರಲ್ಲಿ ವೀರಣ್ಣನವರ ಪಾಲುದಾರಿಕೆಯಲ್ಲಿ ತಯಾರಾದ ಬೇಡರ ಕಣ್ಣಪ್ಪ ಚಿತ್ರಕ್ಕೆ ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರು ಈ ಯುವಕನನ್ನು ನಾಯಕನಾಗಿ ಆರಿಸಿ ರಾಜಕುಮಾರ್ ಎಂಬ ಹೆಸರಿಟ್ಟರು. ಮುಂದಿನದು ನಾಡೇ ಬಲ್ಲ ಕಥೆ. ಆದರೆ ಒಂದು ಮಾತನ್ನು ಗಮನಿಸಬೇಕು. 1992ರಲ್ಲಿ ಜೀವನ ಚೈತ್ರ ಚಿತ್ರದ ಹಾಡಿಗೆ ಅವರಿಗೆ ಶ್ರೇಷ್ಠ ಗಾಯಕರೆಂದು ರಾಷ್ಟ್ರಪ್ರಶಸ್ತಿ ಬಂತು. ಬಾಲ್ಯದಲ್ಲಿ ಕಂಪನಿಯಲ್ಲಿ ಬಿದ್ದ ಸಂಗೀತದ ತಳಪಾಯ ಅರುವತ್ತು ದಾಟಿದ ಮೇಲೂ ಅವರ ಕೈ ಬಿಡಲಿಲ್ಲ.

ಬೇಡರ ಕಣ್ಣಪ್ಪ ಚಿತ್ರದಿಂದಲೇ ಬೆಳಕಿಗೆ ಬಂದ ಜಿ.ವಿ. ಅಯ್ಯರ್, ನರಸಿಂಹರಾಜು ಅವರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರೇ. ದಕ್ಷಿಣ ಕನ್ನಡದಿಂದ ಮನೆ ಬಿಟ್ಟು ಓಡಿಬಂದ ಬಿ.ವಿ. ಕಾರಂತರೆಂಬ ಹುಡುಗನಿಗೂ ವೀರಣ್ಣನವರು ಆಶ್ರಯ ಕೊಟ್ಟರು. ಹುಡುಗನ ಬುದ್ಧಿಶಕ್ತಿ ಕಂಡು ಅವನನ್ನು ಕಂಪನಿಗೇ ಕಟ್ಟಿಹಾಕಲಿಲ್ಲ, ಹಿಂದಿ ಎಂ.ಎ. ಓದಲು ಕಾಶಿಗೆ ಕಳಿಸಿದರು. ಕಾರಂತರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ತನ್ನ ಕೈಕೆಳಗಿನ ಹುಡುಗ ತನಗಿಂತ ಮೇಲೇರಲೆಂದು ಬಯಸುವ ಯಜಮಾನರು ಎಲ್ಲ ಕಾಲಕ್ಕೂ ವಿರಳ.

ಕೊನೆಯ ದಿನಗಳು

ಮೂಕಿ ಚಿತ್ರಗಳ ಕಾಲದಿಂದಲೇ ವೀರಣ್ಣನವರು ಸಿನಿಮಾ ತಯಾರಿಕೆಗೂ ಕೈ ಹಾಕಿದ್ದರು. ಆದರೆ ಅದೇ ಸಿನಿಮಾ ಊರೂರಿಗೆ ಬಂದಂತೆ ನಾಟಕ ಕಂಪನಿಗಳ ಗಲ್ಲಾಪೆಟ್ಟಿಗೆ ಬಡವಾಯಿತು. ಒಂದೊಂದೇ ಮಂಡಳಿ ಮುಚ್ಚಿತು. ಬರಿಯ ನಟನೆ ಕಲಿತವರಲ್ಲಿ ಕೆಲವರು ಚಿತ್ರರಂಗ ಸೇರಿದರು. ಉಳಿದವರ ಪಾಡು ಕಷ್ಟವಾಯಿತು. ಕಲಿತ ವಿದ್ಯೆಗೆ ಪ್ರಮಾಣಪತ್ರವಿಲ್ಲ, ಮುಪ್ಪಿಗೆ ಪಿಂಚಣಿಯಿಲ್ಲ. ಕಂಪನಿಗಳ ಈ ಕೊರತೆಯನ್ನೂ ನಾವು ಮರೆಯಬಾರದು.

1955ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ವೀರಣ್ಣನವರನ್ನು ಗೌರವಿಸಿತು. 1972ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಅಕ್ಟೋಬರ್ 18ರಂದು ತಮ್ಮ 81ನೆಯ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದರು. ತಮ್ಮ ಆತ್ಮಕಥೆಗೆ ಅವರು ಕಲೆಯೇ ಕಾಯಕ ಎಂದು ಹೆಸರಿಟ್ಟಿದ್ದರು. ಅವರ ಮೊಮ್ಮಗಳು ಬಿ. ಜಯಶ್ರೀ ಅವರು ಆ ಕಾಯಕವನ್ನು ರಂಗದ ಮೇಲೆ ಮುಂದುವರಿಸಿಕೊಂಡು ಬಂದಿದ್ದಾರೆ. ಕರ್ನಾಟಕ ಸರ್ಕಾರ ರಂಗಭೂಮಿಯ ಹಿರಿಯರಿಗೆ ಅವರ ಹೆಸರಿನಲ್ಲಿ ಪ್ರಶಸ್ತಿ ನೀಡುತ್ತಿದೆ.

ನಮಗೆ ಇದರಿಂದ ಪಾಠವೇನು?

ತಾಳವಾಡಿ ಬೆಟ್ಟದ ಯುವಕರಿಗೆ ಎರಡು ದಾರಿ. ದಿಂಬಂ ಘಾಟಿಯ 27 ತಿರುವು ಇಳಿದರೆ ಸತ್ಯಮಂಗಲ, ಅಲ್ಲಿಂದ ತಿರುಪ್ಪೂರು, ಕೊಯಮತ್ತೂರು. ಇತ್ತ ಹೊರಟರೆ ಚಾಮರಾಜನಗರ, ಮೈಸೂರು. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನಿಗೆ ಒಂದು ಕಡೆ ಭಾಷೆಯ ತೊಡಕು, ಇನ್ನೊಂದು ಕಡೆ ಹೊರರಾಜ್ಯದವನೆಂಬ ತೊಡಕು. ಕೈಯಲ್ಲಿ ಕಸುಬಿಲ್ಲದೆ ಹೋದವನು ಎರಡೂ ಕಡೆ ಕೂಲಿಯೇ. ಕಸುಬು ಬಲ್ಲವನಿಗೆ ಮಾತ್ರ ಈ ತೊಡಕು ಅರ್ಧಕ್ಕಿಳಿಯುತ್ತದೆ. ಸುಟ್ಟ ಪಂಪ್‌ಸೆಟ್ ಮೋಟಾರನ್ನು ಸರಿಪಡಿಸಿ ಕೊಡುವವನನ್ನು ಯಾರೂ ಮನೆಮಾತು ಯಾವುದೆಂದು ಕೇಳುವುದಿಲ್ಲ.

ವೀರಣ್ಣನವರ ಕಾಲದಂತೆ ಎಳೆಯ ಮಕ್ಕಳನ್ನು ದುಡಿಮೆಗೆ ಕಳಿಸುವುದು ಈಗ ಸಲ್ಲದು. 14 ವರ್ಷ ತುಂಬುವ ತನಕ ಮಗುವಿನ ಜಾಗ ಶಾಲೆಯೇ. ಕಾನೂನೂ ಅದನ್ನೇ ಹೇಳುತ್ತದೆ. ತಮಿಳು ನಾಡಿನಲ್ಲಿ 2006ರ ಕಾಯ್ದೆಯಂತೆ ತಮಿಳು ಕಲಿಕೆ ಕಡ್ಡಾಯವಾಗಿದೆ. ಮನೆಯಲ್ಲಿ ಕನ್ನಡವನ್ನು ಬಿಡದೆ ಆ ಭಾಷೆಯನ್ನೂ ಚೆನ್ನಾಗಿ ಕಲಿತರೆ ಎರಡು ಮಾರುಕಟ್ಟೆ ತೆರೆದಂತೆ. ಹತ್ತನೆಯ ತರಗತಿ ಮುಗಿದ ಮೇಲೆ ಓದು ಹತ್ತದ ಮಗನನ್ನು ಸುಮ್ಮನೆ ದನದ ಹಿಂದೆ ಬಿಡದೆ ಐಟಿಐಗೆ ಸೇರಿಸಬೇಕು. ಫಿಟ್ಟರ್, ಎಲೆಕ್ಟ್ರಿಷಿಯನ್ ಕಸುಬನ್ನು ಕೀಳೆಂದು ಕಾಣುವ ತಂದೆತಾಯಿಗಳು ಶರಣರ ಕಸುಬುಗಳನ್ನು ಒಮ್ಮೆ ನೆನೆಯಬೇಕು.

ವರ್ತಕರ ಪಾಲೂ ಇದರಲ್ಲಿದೆ. 1961ರ ಅಪ್ರೆಂಟಿಸ್ ಕಾಯ್ದೆ ಕಲಿಯುವ ಅವಧಿಯಲ್ಲಿ ಭತ್ಯೆ ಕೊಡಬೇಕೆಂದು ಹೇಳುತ್ತದೆ. ಆ ಕಾಯ್ದೆ ಬರುವ ಮೊದಲೇ ಗುಬ್ಬಿ ಕಂಪನಿ ಊಟ ಕೊಟ್ಟು ಕಲಿಸುತ್ತಿತ್ತು. ಮಿಲ್ಲು, ಮಂಡಿ, ವರ್ಕ್‌ಶಾಪು ನಡೆಸುವ ನಮ್ಮ ಬಂಧುಗಳು ಪ್ರಾಯಕ್ಕೆ ಬಂದ ಊರಿನ ಒಬ್ಬಿಬ್ಬರು ಯುವಕರನ್ನು ಕಸ ಗುಡಿಸಲು ಮಾತ್ರ ಇಟ್ಟುಕೊಳ್ಳದೆ, ಲೆಕ್ಕವನ್ನೋ ಯಂತ್ರವನ್ನೋ ಕಲಿಸಿ, ಕಲಿತ ಮೇಲೆ ತಕ್ಕ ಸಂಬಳ ಕೊಟ್ಟರೆ, ಇಲ್ಲವೇ ಸ್ವಂತ ಅಂಗಡಿ ಇಡಲು ಕೈ ಹಿಡಿದರೆ ಅದೂ ದಾಸೋಹವೇ. ಗಾಜನೂರಿನ ಒಬ್ಬ ಹುಡುಗನಿಗೆ ದಾರಿ ತೋರಿಸಿದ ಕಂಪನಿ ಇಂದು ಬೆಟ್ಟಕ್ಕೆ ಬರುವುದಿಲ್ಲ. ಆ ಕೆಲಸವನ್ನು ಊರಿನವರೇ ಮಾಡಬೇಕಾಗಿದೆ.