ಕರ್ಟ್ ಟ್ಯಾಂಕ್

ಕರ್ಟ್ ಟ್ಯಾಂಕ್ (ಫೆಬ್ರವರಿ 24, 1898 – ಜೂನ್ 5, 1983) ಜರ್ಮನಿಯ ವಿಮಾನ ವಿನ್ಯಾಸಕಾರರು ಹಾಗೂ ಪರೀಕ್ಷಾ ವೈಮಾನಿಕರು. ಎರಡನೆಯ ಮಹಾಯುದ್ಧದ ಕಾಲದ ಫೋಕೆ-ವುಲ್ಫ್ 190 ಯುದ್ಧವಿಮಾನದಿಂದ ಅವರು ಪ್ರಸಿದ್ಧರಾದರು. ಭಾರತದಲ್ಲಿ ವಿನ್ಯಾಸಗೊಂಡ ಮೊದಲ ಜೆಟ್ ಯುದ್ಧವಿಮಾನವಾದ ಎಚ್‌ಎಫ್-24 ಮಾರುತ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡಿತು.

ಆರಂಭಿಕ ಜೀವನ

ಟ್ಯಾಂಕ್ ಅವರು ಈಗ ಪೋಲೆಂಡಿಗೆ ಸೇರಿರುವ ಬ್ರೋಂಬರ್ಗ್‌ನಲ್ಲಿ (ಇಂದಿನ ಬಿಡ್ಗೋಶ್) ಜನಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ವಾಯುಪಡೆ ಸೇರಬೇಕೆಂಬ ಬಯಕೆ ಅವರಿಗಿತ್ತಾದರೂ, ಮನೆತನದ ಸಂಪ್ರದಾಯಕ್ಕೆ ಮಣಿದು ಅಶ್ವದಳದಲ್ಲಿ ಸೇವೆ ಸಲ್ಲಿಸಿದರು. ಯುದ್ಧಾನಂತರ ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯದಲ್ಲಿ ಓದಿ 1923ರಲ್ಲಿ ಪದವಿ ಪಡೆದರು. ರೋರ್‌ಬಾಕ್ ಸಂಸ್ಥೆಯಲ್ಲಿ ಕೆಲಸ ಮಾಡಿ, 1931ರಲ್ಲಿ ಬ್ರೆಮೆನ್ ನಗರದ ಫೋಕೆ-ವುಲ್ಫ್ ಸಂಸ್ಥೆಯನ್ನು ಸೇರಿದರು.

ಫೋಕೆ-ವುಲ್ಫ್ ಅವಧಿ

ಅವರ ಕಾಂಡೋರ್ ಪ್ರಯಾಣಿಕ ವಿಮಾನವು 1938ರಲ್ಲಿ ಬರ್ಲಿನ್ನಿನಿಂದ ನ್ಯೂಯಾರ್ಕಿಗೆ ಎಲ್ಲಿಯೂ ಇಳಿಯದೆ ಹಾರಿತು. ಫೋಕೆ-ವುಲ್ಫ್ 190ರ ಮೊದಲ ಹಾರಾಟ 1939ರ ಜೂನ್ 1ರಂದು ನಡೆಯಿತು. ಯುದ್ಧವಿಮಾನವು ಪಂದ್ಯದ ಕುದುರೆಯಂತೆ ನಾಜೂಕಾಗಿರದೆ ಅಶ್ವದಳದ ಕುದುರೆಯಂತೆ ಗಟ್ಟಿಮುಟ್ಟಾಗಿರಬೇಕು, ಕಚ್ಚಾ ನೆಲದ ನಿಲ್ದಾಣಗಳಲ್ಲಿಯೂ ಸುಲಭವಾಗಿ ದುರಸ್ತಿಯಾಗುವಂತಿರಬೇಕು ಎಂಬುದು ಅವರ ನಿಲುವಾಗಿತ್ತು. ಈ ವಿಮಾನದ ಕೆಲವು ಮಾದರಿಗಳನ್ನು ಭೂದಾಳಿಗೆಂದೇ ನಿರ್ಮಿಸಲಾಯಿತು. ಈ ಸಾಧನೆ ನಡೆದದ್ದು ನಾಜಿ ಆಡಳಿತದ ಸೇವೆಯಲ್ಲಿ. ಸಂಸ್ಥೆಯ ಕಾರ್ಖಾನೆಗಳಲ್ಲಿ ಬಲವಂತದ ದುಡಿಮೆಯನ್ನು ಬಳಸಲಾಗಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಅರ್ಜೆಂಟೀನಾದಿಂದ ಬೆಂಗಳೂರಿಗೆ

ಯುದ್ಧದ ನಂತರ 1947ರಲ್ಲಿ ಟ್ಯಾಂಕ್ ಅರ್ಜೆಂಟೀನಾಕ್ಕೆ ತೆರಳಿ, ಕಾರ್ಡೊಬಾ ನಗರದಲ್ಲಿ ಪುಲ್ಕಿ-2 ಜೆಟ್ ವಿಮಾನವನ್ನು ರೂಪಿಸಿದರು. 1955ರಲ್ಲಿ ಅಧ್ಯಕ್ಷ ಪೆರೋನ್ ಪದಚ್ಯುತರಾದ ಮೇಲೆ ಅವರ ತಂಡ ಚದುರಿತು. 1956ರಲ್ಲಿ ಭಾರತ ಸರ್ಕಾರದ ಆಹ್ವಾನದ ಮೇರೆಗೆ ಕೆಲವು ಜರ್ಮನ್ ಸಹೋದ್ಯೋಗಿಗಳೊಂದಿಗೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಗೆ ಬಂದರು. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಸ್ಥಾಪಿಸಿದ್ದ ಈ ಸಂಸ್ಥೆಗೆ ಆಗ ಜೆಟ್ ಯುದ್ಧವಿಮಾನ ವಿನ್ಯಾಸದ ಅನುಭವವಿರಲಿಲ್ಲ. ಭಾರತೀಯ ಎಂಜಿನಿಯರುಗಳು ಟ್ಯಾಂಕ್ ಅವರ ತಂಡದೊಂದಿಗೆ ದುಡಿಯುತ್ತಲೇ ಆ ವಿದ್ಯೆಯನ್ನು ಕಲಿತರು. ಮೊದಲಿಗೆ ಪೂರ್ಣಗಾತ್ರದ ಗ್ಲೈಡರ್ ಒಂದನ್ನು ಕಟ್ಟಿ ಹಾರಿಸಿ ವಿನ್ಯಾಸವನ್ನು ಪರೀಕ್ಷಿಸಲಾಯಿತು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅವರು ಮಾರುತ್ ವಿಮಾನವನ್ನು ಮೊದಲ ಬಾರಿಗೆ ಹಾರಿಸಿದರು.

ಎಂಜಿನ್ ಮತ್ತು ಬಿಡಿಭಾಗಗಳ ಸಮಸ್ಯೆ

ಶಬ್ದದ ಎರಡು ಪಟ್ಟು ವೇಗವನ್ನು ಗುರಿಯಾಗಿಟ್ಟುಕೊಂಡಿದ್ದ ಈ ವಿಮಾನಕ್ಕೆ ತಕ್ಕ ಎಂಜಿನ್ ಕೊನೆಗೂ ದೊರೆಯಲಿಲ್ಲ. ನೆಚ್ಚಿಕೊಂಡಿದ್ದ ಬ್ರಿಟಿಷ್ ಆರ್ಫಿಯಸ್ 12 ಎಂಜಿನ್ನಿನ ಅಭಿವೃದ್ಧಿ ನಿಂತುಹೋಯಿತು. ಈಜಿಪ್ಟಿನ ಇ-300 ಎಂಜಿನ್ನಿನ ಪ್ರಯೋಗವೂ ಫಲಿಸಲಿಲ್ಲ. ಆದ್ದರಿಂದ ಕಡಿಮೆ ಶಕ್ತಿಯ ಆರ್ಫಿಯಸ್ 703 ಎಂಜಿನ್ನುಗಳೆರಡನ್ನೇ ಅಳವಡಿಸಿ, ವಿಮಾನವನ್ನು ಮುಖ್ಯವಾಗಿ ಭೂದಾಳಿಗೆ ಬಳಸಲಾಯಿತು. ಎಂಜಿನ್ ಸುಧಾರಿಸುವ ಪ್ರಯತ್ನದಲ್ಲಿದ್ದಾಗಲೇ, 1970ರ ಜನವರಿ 10ರಂದು ಸುರಂಜನ್ ದಾಸ್ ಅವರು ಬೆಂಗಳೂರಿನಲ್ಲಿ ಮಾರುತ್ ಅಪಘಾತದಲ್ಲಿ ಮಡಿದರು. ನಗರದ ಒಂದು ರಸ್ತೆಗೆ ಅವರ ಹೆಸರಿದೆ.

ನಾಲ್ಕು 30 ಮಿ.ಮೀ. ಫಿರಂಗಿಗಳು, ರಾಕೆಟ್ಟುಗಳು ಮತ್ತು ಬಾಂಬುಗಳನ್ನು ಹೊತ್ತ ಮಾರುತ್, 1971ರ ಯುದ್ಧದಲ್ಲಿ ರಾಜಸ್ಥಾನದ ಉತ್ತರಲಾಯಿ ಮತ್ತು ಜೋಧಪುರ ನೆಲೆಗಳಿಂದ ಹಾರಿತು. ಒಂದು ಎಂಜಿನ್ ಹಾನಿಗೊಂಡ ಮೇಲೂ ನೆಲೆಗೆ ಮರಳಿದ ಪ್ರಸಂಗಗಳಿಂದ ಅದರ ದೃಢತೆ ಸಾಬೀತಾಯಿತು. ಒಟ್ಟು 147 ವಿಮಾನಗಳು ತಯಾರಾದವು. ಒಡಲು ಬೆಂಗಳೂರಿನದಾದರೂ ವೈಮಾನಿಕನ ಹೊರಚಿಮ್ಮುವ ಆಸನದಂತಹ ಮುಖ್ಯ ಉಪಕರಣಗಳ ಮೂಲ ಬ್ರಿಟನ್ ಆಗಿತ್ತು. ಬೇರೆ ಯಾವ ದೇಶದ ವಾಯುಪಡೆಯೂ ಮಾರುತ್ ಬಳಸದಿದ್ದುದರಿಂದ, ಅದರ ವಿಶಿಷ್ಟ ಬಿಡಿಭಾಗಗಳನ್ನು ಹೊರಗಿನಿಂದ ಎರವಲು ತರುವಂತಿರಲಿಲ್ಲ. 1974ರ ಪೋಖರಣ್ ಅಣುಪರೀಕ್ಷೆಯ ನಂತರದ ಅಂತರರಾಷ್ಟ್ರೀಯ ಒತ್ತಡದಿಂದ ಎಂಜಿನ್ ಬಿಡಿಭಾಗಗಳ ಆಮದು ಇನ್ನಷ್ಟು ಕಷ್ಟವಾಯಿತೆಂದು ಹೇಳಲಾಗುತ್ತದೆ. 1990ರ ವೇಳೆಗೆ ಮಾರುತ್ ಸೇವೆಯಿಂದ ನಿವೃತ್ತಿಯಾಯಿತು.

ಕೊನೆಯ ದಿನಗಳು

ಟ್ಯಾಂಕ್ ಅವರು 1967ರಲ್ಲಿ ಭಾರತದಿಂದ ಸ್ವದೇಶಕ್ಕೆ ಮರಳಿ, ಮೆಸ್ಸರ್‌ಸ್ಮಿಟ್-ಬೊಲ್ಕೋವ್-ಬ್ಲೋಮ್ ಸಂಸ್ಥೆಗೆ ಸಲಹೆಗಾರರಾದರು. 1983ರಲ್ಲಿ ಮ್ಯೂನಿಕ್‌ನಲ್ಲಿ ನಿಧನರಾದರು. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಹಾಗೂ ಎಚ್‌ಎಎಲ್ ವಸ್ತುಸಂಗ್ರಹಾಲಯಗಳಲ್ಲಿ ಮಾರುತ್ ವಿಮಾನಗಳನ್ನು ನೋಡಬಹುದು. ಮ್ಯೂನಿಕ್ ಸಮೀಪದ ಶ್ಲೈಸ್‌ಹೈಮ್‌ನಲ್ಲಿರುವ ಜರ್ಮನ್ ವಸ್ತುಸಂಗ್ರಹಾಲಯದಲ್ಲಿಯೂ ಬೆಂಗಳೂರಿನಲ್ಲಿ ತಯಾರಾದ ಒಂದು ಮಾರುತ್ ಇದೆ.