ಕಾಲೇಜಿನ ಪೆಟ್ಟಿಗೆಯನ್ನು ಕಾಯ್ದ ಕೀನ್ಸರು

ಷೇರುಪೇಟೆಯ ಸರಾಸರಿಯನ್ನು ಮೀರಿ ಲಾಭ ಪಡೆಯಬೇಕೆಂಬ ಹಂಬಲವು ಈಗ ನಮ್ಮ ನಾಡಿನ ಮಧ್ಯಮವರ್ಗದ ಮನೆಗಳನ್ನೂ ಹೊಕ್ಕಿದೆ. ದೊಡ್ಡ ಕಂಪೆನಿಗಳು ಬೆಳೆಯುವಷ್ಟು ಬೆಳೆದು ನಿಂತಿವೆ, ತೀರ ಸಣ್ಣವು ಯಾವಾಗ ಮುಳುಗುವುವೋ ತಿಳಿಯದು, ಆದುದರಿಂದ ನಡುತರದ ಕಂಪೆನಿಗಳ ಷೇರುಗಳನ್ನು ಕೊಳ್ಳುವುದೇ ಜಾಣತನವೆಂಬ ಉಪದೇಶವು ಎಲ್ಲೆಡೆ ಕೇಳಿಬರುತ್ತಿದೆ. ಪೇಟೆಯ ಬೆಲೆಯ ಲೆಕ್ಕದಲ್ಲಿ 101ನೆಯದರಿಂದ 250ನೆಯದರವರೆಗಿನ ಕಂಪೆನಿಗಳೇ ನಡುತರದವೆಂದು ಸೆಬಿಯು 2017ರಲ್ಲಿ ಗೊತ್ತುಪಡಿಸಿತು. 2024ರಲ್ಲಿ, ಇಂಥ ಷೇರುಗಳನ್ನಿಟ್ಟ ನಿಧಿಗಳು ತಮ್ಮಲ್ಲಿರುವುದರ ಅರ್ಧವನ್ನು ಮಾರಿ ಹಣಮಾಡಲು ಎಷ್ಟು ದಿನ ಬೇಕಾದೀತೆಂಬುದನ್ನು ಜನರಿಗೆ ತಿಳಿಸಬೇಕಾಗಿ ಬಂದಿತು. ಈ ಸಂದರ್ಭದಲ್ಲಿ, ಇದೇ ಹಾದಿಯಲ್ಲಿ ನಡೆದು, ಬಿದ್ದು, ಎದ್ದು, ಕೊನೆಗೆ ಗೆದ್ದ ಜಾನ್ ಮೇನಾರ್ಡ್ ಕೀನ್ಸರ ಜೀವನವನ್ನು ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಕೀನ್ಸರು 1883ನೆಯ ಇಸವಿ ಜೂನ್ 5ರಂದು ಇಂಗ್ಲೆಂಡಿನ ಕೇಂಬ್ರಿಜ್ ಪಟ್ಟಣದಲ್ಲಿ ಜನಿಸಿದರು. ತಂದೆ ತರ್ಕ ಮತ್ತು ಅರ್ಥಶಾಸ್ತ್ರಗಳಲ್ಲಿ ವಿದ್ವಾಂಸರು. ತಾಯಿ ಮುಂದೆ ಅದೇ ಪಟ್ಟಣದ ಮೇಯರ್ ಪದವಿಯನ್ನೇರಿದ ಸಮರ್ಥೆ. ಕಿಂಗ್ಸ್ ಕಾಲೇಜಿನಲ್ಲಿ ಗಣಿತವನ್ನು ಅಭ್ಯಾಸಮಾಡಿದ ಈ ತರುಣರು 1906ರಲ್ಲಿ ಸರಕಾರಿ ಪರೀಕ್ಷೆಯಲ್ಲಿ ಎರಡನೆಯವರಾಗಿ ತೇರ್ಗಡೆಹೊಂದಿ ಲಂಡನ್ನಿನ ಇಂಡಿಯಾ ಆಫೀಸನ್ನು ಸೇರಿದರು. ನಮ್ಮ ದೇಶದ ವ್ಯವಹಾರದಲ್ಲಿ ಅವರಿಗೆ ದೊರೆತ ಮೊದಲ ಕೆಲಸಗಳಲ್ಲೊಂದು, ಹತ್ತು ಹೋರಿಗಳನ್ನು ಹಡಗಿನಲ್ಲಿ ಮುಂಬಯಿಗೆ ಕಳುಹಿಸುವ ಏರ್ಪಾಡು! ಎರಡು ವರ್ಷಗಳಲ್ಲಿಯೇ ಆ ಉದ್ಯೋಗವನ್ನು ಬಿಟ್ಟು ಕೇಂಬ್ರಿಜ್ಜಿಗೆ ಮರಳಿದ ಅವರು, 1913ರಲ್ಲಿ ರೂಪಾಯಿ ನಾಣ್ಯವ್ಯವಸ್ಥೆಯನ್ನು ಕುರಿತು ತಮ್ಮ ಮೊದಲ ಗ್ರಂಥವನ್ನು ಪ್ರಕಟಿಸಿದರು. ಕೋಟ್ಯಂತರ ಜನರ ರೂಪಾಯಿಯ ಬೆಲೆಯನ್ನು ವಿಚಾರಿಸಿದ ಈ ಪಂಡಿತರು ಭರತಖಂಡದ ನೆಲವನ್ನು ಜೀವಮಾನದಲ್ಲಿ ಒಮ್ಮೆಯೂ ಮೆಟ್ಟಲಿಲ್ಲ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅವರು ಇಂಗ್ಲೆಂಡಿನ ಹಣಕಾಸಿನ ಇಲಾಖೆಯಲ್ಲಿದ್ದರು. ಸೋತ ಜರ್ಮನಿಯ ಮೇಲೆ ಹೊರಲಾರದ ದಂಡವನ್ನು ಹೇರುವುದು ಅನರ್ಥಕಾರಿಯೆಂದು ಕಂಡು 1919ರಲ್ಲಿ ರಾಜೀನಾಮೆಯಿತ್ತು, ಆ ಸಂಧಿಯನ್ನು ಖಂಡಿಸಿ ಬರೆದ ಗ್ರಂಥದಿಂದ ಲೋಕಪ್ರಸಿದ್ಧರಾದರು. ಅದೇ ಕಾಲದಲ್ಲಿ ಪರದೇಶದ ನಾಣ್ಯಗಳ ಸಟ್ಟಾವ್ಯಾಪಾರಕ್ಕೂ ಕೈಹಾಕಿದರು. ಯುರೋಪಿನ ನಾಣ್ಯಗಳು ಇಳಿದೇ ಇಳಿಯುವುವೆಂದು ಲೆಕ್ಕಹಾಕಿ ತಮ್ಮ ಹಣದೊಡನೆ ಸ್ನೇಹಿತರ ಹಣವನ್ನೂ ತೊಡಗಿಸಿದರು. ಬಹುಕಾಲದ ಮೇಲೆ ಅವರ ಲೆಕ್ಕವು ನಿಜವಾಗಬಹುದಾಗಿದ್ದಿತು. ಆದರೆ 1920ರ ಮೇ ತಿಂಗಳಲ್ಲಿ ಆ ನಾಣ್ಯಗಳು ಸ್ವಲ್ಪ ಕಾಲ ಏರಿದುದೇ ಸಾಕಾಯಿತು, ಸಾಲದ ಮೇಲೆ ನಿಂತಿದ್ದ ವ್ಯಾಪಾರವೆಲ್ಲ ಕುಸಿಯಿತು. ಒಬ್ಬ ಧನಿಕರಿಂದ 5,000 ಪೌಂಡು ಸಾಲ ಪಡೆದು, ಗ್ರಂಥದ ಗೌರವಧನವನ್ನೂ ಸೇರಿಸಿ, ಅವರು ಮತ್ತೆ ತಲೆಯೆತ್ತಬೇಕಾಯಿತು. ಸರಿಯಾದ ಅಭಿಪ್ರಾಯವಿದ್ದರೆ ಸಾಲದು, ಅದು ಫಲಿಸುವತನಕ ಕಾಯುವ ಶಕ್ತಿಯೂ ಇರಬೇಕೆಂಬ ಮೊದಲ ಪಾಠವಿದು.

ಅಷ್ಟರಲ್ಲಿ ಕಿಂಗ್ಸ್ ಕಾಲೇಜಿನ ಹಣವನ್ನು ನೋಡಿಕೊಳ್ಳುವ ಹೊಣೆಯೂ ಅವರ ಪಾಲಿಗೆ ಬಂದಿದ್ದಿತು. 1924ರಲ್ಲಿ ಮುಖ್ಯ ಕೋಶಾಧಿಕಾರಿಯಾದ ಅವರು ಸಾಯುವತನಕ ಆ ಸ್ಥಾನವನ್ನು ಬಿಡಲಿಲ್ಲ. ಅಂದಿನ ಕಾಲೇಜುಗಳು ತಮ್ಮ ಧನವನ್ನು ಭೂಮಿಯಲ್ಲಿಯೂ ಸರಕಾರಿ ಸಾಲಪತ್ರಗಳಲ್ಲಿಯೂ ಇಡುತ್ತಿದ್ದವು. ಕಂಪೆನಿಗಳ ಷೇರುಗಳನ್ನು ಮುಟ್ಟುವುದು ಸಾಹಸವೆಂದು ಹಿರಿಯರು ಹಿಂಜರಿಯುತ್ತಿದ್ದರು. ಕೀನ್ಸರು ಸಹೋದ್ಯೋಗಿಗಳ ಮನವೊಲಿಸಿ, ಧನದ ಒಂದು ಭಾಗವನ್ನು ತಮ್ಮ ವಿವೇಚನೆಯಂತೆ ಹೂಡುವ ಸ್ವಾತಂತ್ರ್ಯವನ್ನು ಪಡೆದರು. 1920ರಲ್ಲಿ ಸುಮಾರು 30,000 ಪೌಂಡಿನಿಂದ ಆರಂಭವಾದ ಒಂದು ನಿಧಿಗೆ ಪೆಟ್ಟಿಗೆಯೆಂದೇ ಹೆಸರಿದ್ದಿತು.

ಮೊದಲ ಹತ್ತು ವರ್ಷ ಕೀನ್ಸರು ಕಾಲಜ್ಞಾನಿಯ ಪಾತ್ರವನ್ನು ವಹಿಸಿದರು. ಬಡ್ಡಿಯ ದರ, ವ್ಯಾಪಾರದ ಉಬ್ಬರವಿಳಿತ ಇವುಗಳನ್ನು ಮುಂದಾಗಿ ಕಂಡುಹಿಡಿದು, ಏರುವ ಮೊದಲು ಕೊಂಡು ಇಳಿಯುವ ಮೊದಲು ಮಾರುವುದೇ ಅವರ ಕ್ರಮವಾಗಿದ್ದಿತು. ಅಂಥ ಅರ್ಥಶಾಸ್ತ್ರಜ್ಞರು ಆ ಕಾಲದಲ್ಲಿ ಇನ್ನೊಬ್ಬರಿರಲಿಲ್ಲವೆಂದರೂ ಸಲ್ಲುವುದು. ಆದರೂ 1929ರ ಮಹಾಪತನವನ್ನು ಅವರು ಮುಂಗಾಣಲಿಲ್ಲ. ರಬ್ಬರು ಮೊದಲಾದ ಸರಕುಗಳ ವ್ಯಾಪಾರದಲ್ಲಿಯೂ ಏಟು ತಿಂದು, 1927ರಲ್ಲಿ ಸುಮಾರು 44,000 ಪೌಂಡು ಇದ್ದ ಅವರ ಸ್ವಂತ ಆಸ್ತಿಯು 1929ರ ಕೊನೆಗೆ 8,000ಕ್ಕಿಂತ ಕೆಳಗಿಳಿಯಿತು.

ಇಲ್ಲಿಂದ ಅವರ ನಡೆ ಬೇರೆಯಾಯಿತು. ಪೇಟೆ ನಾಳೆ ಏನು ಮಾಡುವುದೆಂಬ ಚಿಂತೆಯನ್ನು ಬಿಟ್ಟು, ಈ ಕಂಪೆನಿ ಏನು ಮಾಡುತ್ತದೆ, ಇದನ್ನು ನಡೆಸುವವರು ಯಾರು, ಇದರ ನಿಜವಾದ ಯೋಗ್ಯತೆಗೆ ಹೋಲಿಸಿದರೆ ಇಂದಿನ ಬೆಲೆ ಅಗ್ಗವೇ ಎಂದು ವಿಚಾರಿಸತೊಡಗಿದರು. ಎಲ್ಲರ ಕಣ್ಣಿಗೆ ಬೀಳುವ ದೈತ್ಯ ಸಂಸ್ಥೆಗಳಿಗಿಂತ ನಡುತರದ ಮತ್ತು ಸಣ್ಣ ಕಂಪೆನಿಗಳ ಕಡೆಗೆ ಅವರ ಒಲವು ಹರಿಯಿತು. ಮೋಟಾರು ತಯಾರಿಸುವ ಆಸ್ಟಿನ್, ಲಾರಿಗಳನ್ನು ತಯಾರಿಸುವ ಲೇಲ್ಯಾಂಡ್, ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಬಂಡವಾಳವಿದ್ದ ಯೂನಿಯನ್ ಕಾರ್ಪೊರೇಷನ್ ಇವು ಅವರು ನಂಬಿ ಹಿಡಿದ ಷೇರುಗಳಲ್ಲಿ ಕೆಲವು. ನೂರು ಕಡೆ ಚೆಲ್ಲುವ ಬದಲು ಚೆನ್ನಾಗಿ ಬಲ್ಲ ಕೆಲವೇ ಕಂಪೆನಿಗಳಲ್ಲಿ ಹೆಚ್ಚು ಹಣವಿಟ್ಟು ವರ್ಷಗಟ್ಟಲೆ ಕದಲದೆ ಕುಳಿತರು. 1936ರಲ್ಲಿ ಪ್ರಕಟವಾದ ಅವರ ಮಹಾಗ್ರಂಥದಲ್ಲಿ ಷೇರುಪೇಟೆಯನ್ನು ಪತ್ರಿಕೆಯ ಸೌಂದರ್ಯಸ್ಪರ್ಧೆಗೆ ಹೋಲಿಸಿದುದುಂಟು: ಅಲ್ಲಿ ಸ್ಪರ್ಧಾಳುವು ತನಗೆ ಚೆಲುವಾಗಿ ಕಂಡ ಮುಖವನ್ನಲ್ಲ, ಇತರರು ಆರಿಸುವ ಮುಖವನ್ನು ಊಹಿಸುತ್ತಾನೆ. ಆ ಊಹೆಯ ಆಟದಿಂದ ಅವರು ತಾವೇ ಹೊರಗೆ ಬಂದಿದ್ದರು.

ಹಾಗೆಂದು ಹೊಸ ಹಾದಿಯಲ್ಲಿ ಮುಳ್ಳುಗಳಿರಲಿಲ್ಲವೆಂದು ವಾಚಕರು ತಿಳಿಯಬಾರದು. 1937ರಲ್ಲಿ ಹೃದ್ರೋಗವು ಅವರನ್ನು ಹಾಸಿಗೆಗೆ ಕೆಡವಿತು. ಅದೇ ಸಮಯದಲ್ಲಿ ಪೇಟೆಯೂ ಕುಸಿಯಿತು. 1936ರ ಕೊನೆಗೆ 5 ಲಕ್ಷ ಪೌಂಡನ್ನು ದಾಟಿದ್ದ ಅವರ ಸ್ವಂತ ಆಸ್ತಿಯಲ್ಲಿ, ಸಾಲದ ಭಾರವೂ ಸೇರಿ, ಎರಡು ವರ್ಷಗಳೊಳಗೆ ಮೂರರಲ್ಲಿ ಎರಡು ಪಾಲಿನಷ್ಟು ಕರಗಿತು. ಕಾಲೇಜಿನ ನಿಧಿಯೂ ಬಹಳ ಇಳಿಯಿತು. ತಾವು ಅಧ್ಯಕ್ಷರಾಗಿದ್ದ ವಿಮಾ ಕಂಪೆನಿಯಲ್ಲಿ ಆಕ್ಷೇಪಣೆಗಳೆದ್ದು, 1938ರಲ್ಲಿ ಆ ಸ್ಥಾನವನ್ನು ತ್ಯಜಿಸಿದರು. ಆದರೆ ಕಾಲೇಜಿನವರು ಅವರ ಮೇಲಣ ವಿಶ್ವಾಸವನ್ನು ಹಿಂತೆಗೆಯಲಿಲ್ಲ. ಇಳಿದ ಬೆಲೆಗೆ ಮಾರಿ ಓಡುವುದು ಕಾಯುವವನ ಧರ್ಮವಲ್ಲವೆಂದು ಕೀನ್ಸರೂ ಬಿಗಿಯಾಗಿ ನಿಂತರು. ಅವರ ಕಾಲಾಂತ್ಯಕ್ಕೆ ಆ ಪೆಟ್ಟಿಗೆಯಲ್ಲಿ ಸುಮಾರು 3,80,000 ಪೌಂಡು ಇದ್ದಿತು.

ಡೇವಿಡ್ ಚೇಂಬರ್ಸ್ ಮತ್ತು ಎಲ್ರಾಯ್ ಡಿಮ್ಸನ್ ಎಂಬ ವಿದ್ವಾಂಸರು ಕಾಲೇಜಿನ ಹಳೆಯ ಲೆಕ್ಕಪತ್ರಗಳನ್ನು ಶೋಧಿಸಿ 2013ರಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. 1921ರಿಂದ 1946ರವರೆಗೆ ಕೀನ್ಸರು ಸ್ವವಿವೇಚನೆಯಿಂದ ಹೂಡಿದ ಹಣವು ವರ್ಷಕ್ಕೆ ಸರಾಸರಿ ಶೇಕಡಾ 16ರಂತೆ ಫಲಕೊಟ್ಟರೆ, ಬ್ರಿಟಿಷ್ ಷೇರುಪೇಟೆಯು ಶೇಕಡಾ 10ಕ್ಕೆ ತುಸು ಮೇಲ್ಪಟ್ಟು ಕೊಟ್ಟಿದ್ದಿತು. ಈ ಹಿರಿಮೆಯೆಲ್ಲವೂ ಕ್ರಮ ಬದಲಾದ ಮೇಲಿನದು. ಕಾಲಜ್ಞಾನವನ್ನು ನೆಚ್ಚಿದ್ದ ಇಪ್ಪತ್ತರ ದಶಕದಲ್ಲಿ ಅವರು ಪೇಟೆಯನ್ನು ಮೀರಿರಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ರೋಗಪೀಡಿತರಾಗಿಯೂ ದೇಶಸೇವೆಗೆ ನಿಂತ ಅವರು 1942ರಲ್ಲಿ ಲಾರ್ಡ್ ಪದವಿಯನ್ನು ಪಡೆದು, 1944ರಲ್ಲಿ ಬ್ರೆಟನ್‌ವುಡ್ಸ್ ಸಮ್ಮೇಳನದಲ್ಲಿ ಮುಂದಾಳುಗಳಾಗಿದ್ದರು. ಆದರೆ ಯುದ್ಧಕಾಲದಲ್ಲಿ ಭಾರತವು ಹೊಟ್ಟೆಬಟ್ಟೆ ಕಟ್ಟಿ ಒದಗಿಸಿದ ಸಾಮಗ್ರಿಗಾಗಿ ಇಂಗ್ಲೆಂಡು ಕೊಡಬೇಕಾಗಿದ್ದ ಸ್ಟರ್ಲಿಂಗ್ ಬಾಕಿಯಲ್ಲಿ ಒಂದಂಶವನ್ನು ಸಾಲ ಕೊಟ್ಟವರು ಬಿಟ್ಟುಕೊಡಬೇಕೆಂದು ಅವರು ವಾದಿಸಿದುದನ್ನು ನಾವು ಮರೆಯಲಾರೆವು. ಕಾಲೇಜಿನ ಒಂದೊಂದು ಪೌಂಡನ್ನೂ ಕಾಯ್ದವರು ನಮ್ಮ ಬಡವರ ಬಾಕಿಯನ್ನು ಅದೇ ಕಣ್ಣಿನಿಂದ ನೋಡಲಿಲ್ಲ. 1946ರ ಏಪ್ರಿಲ್ 21ರಂದು, ತಮ್ಮ 62ನೆಯ ವಯಸ್ಸಿನಲ್ಲಿ, ಅವರು ಸಸೆಕ್ಸಿನ ತಮ್ಮ ಮನೆಯಲ್ಲಿ ಕಾಲವಾದರು.

ಈ ಚರಿತ್ರೆಯಿಂದ, ನಡುತರದ ಕಂಪೆನಿಗಳನ್ನು ಕೊಂಡವರೆಲ್ಲ ಗೆಲ್ಲುವರೆಂಬ ಸಿದ್ಧಾಂತವನ್ನು ಯಾರೂ ತೆಗೆಯಬಾರದು. ಕೀನ್ಸರು ಗೆದ್ದುದು ಕಂಪೆನಿಯನ್ನು ಬಲ್ಲ ಪರಿಶ್ರಮದಿಂದ, ಮತ್ತು ನಾಳೆಯೇ ಹಿಂದಕ್ಕೆ ಕೊಡಬೇಕಾಗಿಲ್ಲದ ಹಣದಿಂದ. ಅದೇ ಮನುಷ್ಯನು ಸಾಲದ ಹಣದೊಡನೆ ಆಡಿದಾಗಲೆಲ್ಲ ಪೆಟ್ಟು ತಿಂದನು. ಕಾಲೇಜಿಗೆ ಮುಪ್ಪಿಲ್ಲ, ಮಗಳ ಮದುವೆಯಿಲ್ಲ, ಆಸ್ಪತ್ರೆಯ ಖರ್ಚಿಲ್ಲ. ಗೃಹಸ್ಥನಿಗೆ ಇವೆಲ್ಲವೂ ಇವೆ. ನಡುತರದ ಷೇರುಗಳು ಇಳಿಯತೊಡಗಿದಾಗ ಕೊಳ್ಳುವವರು ಸುಲಭವಾಗಿ ಸಿಗರು. ಆಗ ಮಾರಲೇಬೇಕಾದವನ ಪಾಡು ಕಷ್ಟ. ಆದುದರಿಂದ ಇನ್ನೊಬ್ಬರ ಮಾತನ್ನು ಕೇಳಿ, ಮಕ್ಕಳ ವಿದ್ಯೆಗೆಂದು ಕೂಡಿಟ್ಟುದನ್ನು ಅಥವಾ ಬಡ್ಡಿಗೆ ತಂದುದನ್ನು ಈ ಪೇಟೆಗೆ ಸುರಿಯಬಾರದೆಂದು ನಮ್ಮ ವಾಚಕರನ್ನು ಎಚ್ಚರಿಸುವುದು ನಮ್ಮ ಕರ್ತವ್ಯ. ಹತ್ತು ವರ್ಷ ಮುಟ್ಟದೆ ಇಡಬಲ್ಲ ಹಣವೂ, ಕೊಳ್ಳುವ ಕಂಪೆನಿಯ ಲೆಕ್ಕವನ್ನು ಓದುವ ತಾಳ್ಮೆಯೂ ಉಳ್ಳವರು ಮಾತ್ರ ಕೀನ್ಸರ ಹಾದಿಯಲ್ಲಿ ಕಾಲಿಡಲಿ.