ಮೇಣದ ಹಲಗೆಯ ಮೇಲೊಂದು ವಾದ

ಒಂದು ಪ್ರಾಬ್ಲಮ್ ತಲೆಗೆ ಹೊಕ್ಕು ಊಟ, ನಿದ್ದೆ ಎರಡೂ ಹಾಳಾಗೋದು ನಮಗೆ ಎಕ್ಸಾಮ್ ಹಿಂದಿನ ರಾತ್ರಿ ಮಾತ್ರ. ಆನ್ಸೆಲ್ಮ್ ಎಂಬ ಸನ್ಯಾಸಿಗೆ ಯಾವ ಎಕ್ಸಾಮೂ ಇಲ್ಲದೆ ಹಾಗಾಯಿತು, ಅದೂ ಸುಮಾರು 950 ವರ್ಷಗಳ ಹಿಂದೆ.

ಅವನು ಹುಟ್ಟಿದ್ದು 1033ರಲ್ಲಿ, ಆಲ್ಪ್ಸ್ ಬೆಟ್ಟಗಳ ನಡುವಿನ ಆವೋಸ್ತಾ ಪಟ್ಟಣದಲ್ಲಿ. ಅದೀಗ ಇಟಲಿಯಲ್ಲಿದೆ. ಬೆಟ್ಟದ ತುದಿಯಲ್ಲೇ ದೇವರ ಅರಮನೆ ಇದೆ ಅಂತ ನಂಬಿದ್ದ ಹುಡುಗ, ಒಂದು ರಾತ್ರಿ ಕನಸಲ್ಲಿ ಅಲ್ಲಿಗೆ ಹತ್ತಿ ಹೋಗಿ ಬೆಳ್ಳನೆಯ ರೊಟ್ಟಿ ತಿಂದು ಬಂದನಂತೆ. ಇದನ್ನು ಬರೆದಿಟ್ಟವನು ಶಿಷ್ಯ ಈಡ್ಮರ್. ತಾಯಿ ತೀರಿಕೊಂಡ ಮೇಲೆ ಅಪ್ಪನಿಗೂ ಮಗನಿಗೂ ಸರಿಬರಲಿಲ್ಲ. ಇಪ್ಪತ್ತರ ಹರೆಯದಲ್ಲಿ ಮನೆ ಬಿಟ್ಟು, ಸುಸ್ತಾದಾಗ ಹಿಮ ತಿಂದುಕೊಂಡು ಆಲ್ಪ್ಸ್ ದಾಟಿದ. ಮೂರು ವರ್ಷ ಅಲೆದು 1059ರಲ್ಲಿ ನಾರ್ಮಂಡಿಯ ಬೆಕ್ ಮಠ ಸೇರಿದ್ದು ಲ್ಯಾನ್‌ಫ್ರಾಂಕ್ ಎಂಬ ಗುರುವಿನ ಹೆಸರು ಕೇಳಿ. ಒಳ್ಳೆ ಮೇಷ್ಟ್ರನ್ನು ಹುಡುಕಿಕೊಂಡು ಅಷ್ಟು ದೂರ ನಾವಂತೂ ನಡೆಯಲ್ಲ ಬಿಡಿ.

ದೇವರಿದ್ದಾನೆ ಅಂತ ತೋರಿಸೋಕೆ ವಾದಗಳ ದೊಡ್ಡ ಸರಪಳಿಯನ್ನೇ ಆತ ಮೊದಲೊಂದು ಪುಸ್ತಕದಲ್ಲಿ ಬರೆದಿದ್ದ. ಸಮಾಧಾನ ಆಗಲಿಲ್ಲ. ಬೇರೆ ಆಸರೆ ಬೇಡದ ಒಂದೇ ಒಂದು ವಾದ ಸಾಕಾಗಲ್ವಾ ಅನ್ನೋ ಯೋಚನೆ ಹಿಡಿಯಿತು. ಪ್ರಾರ್ಥನೆಯಲ್ಲೂ ಅದೇ. ಇದು ಸೈತಾನನ ಕಾಟವೇ ಇರಬೇಕು ಅಂತ ಅದನ್ನು ದೂರ ತಳ್ಳಲು ನೋಡಿದ. ಕೊನೆಗೊಂದು ರಾತ್ರಿಯ ಪೂಜೆಯ ಹೊತ್ತಲ್ಲಿ ದಾರಿ ಹೊಳೆಯಿತು. ಮೇಣದ ಹಲಗೆಗಳ ಮೇಲೆ ಬರೆದು ಒಬ್ಬ ಸನ್ಯಾಸಿಯ ಕೈಗೆ ಕೊಟ್ಟ. ಅವು ಕಳೆದೇ ಹೋದವು. ಮತ್ತೆ ಬರೆದ, ಈ ಸಲ ಹಲಗೆಗಳು ನೆಲದ ಮೇಲೆ ಚೂರಾಗಿ ಬಿದ್ದಿದ್ದವು. ಚೂರುಗಳನ್ನು ಕಷ್ಟಪಟ್ಟು ಜೋಡಿಸಿ ಚರ್ಮದ ಹಾಳೆಗೆ ಇಳಿಸಿದರು. ಬ್ಯಾಕಪ್ ಇಲ್ಲದೆ ಪ್ರಾಜೆಕ್ಟ್ ಕಳೆದುಕೊಂಡವರಿಗೆ ಈ ಸಂಕಟ ಗೊತ್ತಿರುತ್ತೆ. ಹೀಗೆ 1078ರ ಸುಮಾರಿಗೆ ಉಳಿದ ಪುಸ್ತಕವೇ ಪ್ರೊಸ್ಲೋಗಿಯನ್.

ವಾದ ಇಷ್ಟು. ದೇವರು ಅಂದರೆ, ಅದಕ್ಕಿಂತ ದೊಡ್ಡದನ್ನು ಊಹಿಸಲೂ ಆಗದಂಥದ್ದು. ದೇವರಿಲ್ಲ ಅನ್ನುವವನಿಗೂ ಈ ಮಾತು ಅರ್ಥವಾಗುತ್ತೆ, ಅಂದರೆ ಅದು ಅವನ ಮನಸ್ಸಿನಲ್ಲಿದೆ. ಮನಸ್ಸಲ್ಲಿ ಮಾತ್ರ ಇದೆ ಅಂತಿಟ್ಕೊಳ್ಳಿ. ಆಗ ಅದು ನಿಜವಾಗಿಯೂ ಇದೆ ಅಂತ ಊಹಿಸಬಹುದಲ್ಲ? ಹಾಗೆ ಊಹಿಸಿದ್ದು ಮೊದಲಿನದಕ್ಕಿಂತ ದೊಡ್ಡದಾಯಿತು. ಆದರೆ ಮೊದಲಿನದಕ್ಕಿಂತ ದೊಡ್ಡದನ್ನು ಊಹಿಸಲಾಗದು ಅಂತ ತಾನೇ ಶುರು ಮಾಡಿದ್ದು? ವೈರುಧ್ಯ ಬಂತು, ಹಾಗಾಗಿ ಅದು ನಿಜವಾಗಿಯೂ ಇರಲೇಬೇಕು. 2ರ ವರ್ಗಮೂಲ ಅಭಾಗಲಬ್ಧ ಅಂತ ಪಿಯುಸಿಗೆ ಮುಂಚೆಯೇ ಸಾಧಿಸಿದ್ವಲ್ಲ, ಅದೇ ದಾರಿ.

ನಮಗೆ ಮೊದಲು ಇದು ಕಣ್ಕಟ್ಟು ಅನ್ನಿಸಿತು. ಆಗಲೇ ಗೌನಿಲೋ ಎಂಬ ಸನ್ಯಾಸಿಗೂ ಹಾಗೇ ಅನ್ನಿಸಿತ್ತು. ಆತ ದೇವರನ್ನು ನಂಬಿದವನೇ, ಆದರೂ ನಾಸ್ತಿಕನ ಪರ ವಕಾಲತ್ತು ಹಾಕಿದ: ಇದೇ ಲೆಕ್ಕದಲ್ಲಿ, ಎಲ್ಲ ದ್ವೀಪಗಳಿಗಿಂತ ಶ್ರೇಷ್ಠವಾದ ದ್ವೀಪವೊಂದು ಎಲ್ಲೋ ಸಮುದ್ರದಲ್ಲಿ ಇರಲೇಬೇಕಲ್ಲ? ಆದಿ ಅಂತ್ಯ ಇರುವ ಯಾವುದನ್ನಾದರೂ ಇಲ್ಲ ಅಂತ ಊಹಿಸಬಹುದು, ದ್ವೀಪವೂ ಅಂಥದ್ದೇ. ತನ್ನ ವಾದ ಹಿಡಿಸುವುದು ದೇವರೊಬ್ಬನಿಗೇ ಅಂತ ಆನ್ಸೆಲ್ಮ್ ಉತ್ತರ ಕೊಟ್ಟ. ಆ ಉತ್ತರ ನಮಗಿನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. ಒಪ್ಪಿಗೆಯಾಗಿದ್ದು ಆಮೇಲೆ ಆತ ಮಾಡಿದ ಕೆಲಸ: ಇನ್ನು ಮುಂದೆ ಪುಸ್ತಕದ ಪ್ರತಿ ಮಾಡುವವರು ಗೌನಿಲೋನ ಆಕ್ಷೇಪವನ್ನೂ ಜೊತೆಗೇ ಸೇರಿಸಬೇಕು ಅಂತ ಹೇಳಿದ.

ಮುಂದೆ ಅಕ್ವೈನಾಸ್ ವಾದವನ್ನು ಒಪ್ಪಲಿಲ್ಲ, ಡೆಕಾರ್ಟ್ ತನ್ನದೇ ರೀತಿಯಲ್ಲಿ ಎತ್ತಿಕೊಂಡ, ಕಾಂಟ್ ತಿರಸ್ಕರಿಸಿದ. 20ನೇ ಶತಮಾನದಲ್ಲಿ ಗಣಿತಜ್ಞ ಗೋಡೆಲ್ ಇದೇ ಜಾತಿಯ ವಾದವನ್ನು ತರ್ಕದ ಸೂತ್ರಗಳಲ್ಲಿ ಬರೆದ, 2013ರಲ್ಲಿ ಅದರ ಒಂದು ರೂಪವನ್ನು ಕಂಪ್ಯೂಟರ್‌ನಲ್ಲಿ ಪರಿಶೀಲಿಸಿದರು. ಹೆಜ್ಜೆಗಳು ಸರಿಯಿದ್ದವು. ಮೂಲ ಊಹೆಗಳನ್ನು ಒಪ್ಪಬೇಕೋ ಬೇಡವೋ ಅನ್ನೋದು ಕಂಪ್ಯೂಟರ್ ಕೆಲಸವಲ್ಲ.

1093ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ವಿಲಿಯಂ ಕಾಯಿಲೆ ಬಿದ್ದು, ಸಾವಿನ ಭಯದಲ್ಲಿ ಆನ್ಸೆಲ್ಮ್‌ನನ್ನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಮಾಡಿದ. ಬೇಡವೆಂದು ಮುಷ್ಟಿ ಬಿಗಿಹಿಡಿದವನ ಕೈಗೆ ಅಧಿಕಾರದ ದಂಡವನ್ನು ಒತ್ತಿ ಹಿಡಿಸಿದರು. ದೊರೆ ಚೇತರಿಸಿಕೊಂಡ, ಜಗಳ ಶುರುವಾಯಿತು. ಆನ್ಸೆಲ್ಮ್ ಎರಡು ಸಲ ದೇಶ ಬಿಡಬೇಕಾಯಿತು, ಎರಡನೆಯದು ಮುಂದಿನ ದೊರೆಯ ಕಾಲದಲ್ಲಿ. ಮೊದಲ ಸಲ ಹೋದಾಗ ಇಟಲಿಯ ಬೆಟ್ಟದೂರೊಂದರಲ್ಲಿ ಕೂತು ಇನ್ನೊಂದು ದೊಡ್ಡ ಪುಸ್ತಕ ಮುಗಿಸಿದ.

1109ರ ಏಪ್ರಿಲ್ 21ರಂದು ತೀರಿಕೊಂಡ. ಅದಕ್ಕೆ ಕೆಲವೇ ದಿನ ಮುಂಚೆ, ಈಸ್ಟರ್ ಹೊತ್ತಿಗೆ ನೀವು ಇರಲಾರಿರಿ ಅಂತ ಹಾಸಿಗೆ ಪಕ್ಕದವರು ಹೇಳಿದಾಗ, ದೇವರ ಇಚ್ಛೆ ಹಾಗಿದ್ದರೆ ಸರಿ ಅಂದನಂತೆ. ಆದರೆ ಆತ್ಮ ಎಲ್ಲಿಂದ ಬರುತ್ತೆ ಅನ್ನೋ ಪ್ರಶ್ನೆಯೊಂದು ಬಾಕಿ ಇದೆ, ಅದನ್ನು ಬಿಡಿಸೋವರೆಗೆ ಸಮಯ ಸಿಕ್ಕರೆ ಚೆನ್ನಾಗಿತ್ತು ಅಂತ ಆಸೆಪಟ್ಟ. ಸಿಗಲಿಲ್ಲ.